ಯಲಗೂರಪ್ಪನ ಎಡಗಡೆ

ಗುರಣ್ಣನಿಗೆ ಆ ದಿನ ಬೆಳಗಿನಿಂದಲೇ ಹೆದರಿಕೆ. ಹೆದರಿಕೆ ಎಂದರೆ ಹೆದರಿಕೆ, ಅದಕ್ಕೆ ಬೇರೆ ಹೆಸರು ಯಾಕೆ ಕೊಡಬೇಕು? ಜೈನಾಪುರದ ಈ ಕುರಿಗಾರ ಕಲ್ಲೆಸೆದು ತೋಳ ಓಡಿಸಿದವನು. ಈಗ ಮುಷ್ಟಿಗಾತ್ರದ ಒಂದು ಚೆಂಡಿಗೆ ಅಂಜುತ್ತಿದ್ದ.

ಆ ಚೆಂಡನ್ನು ತಂದವನು ಬಬಲೇಶ್ವರದ ಈರಯ್ಯ. ಯುದ್ಧದ ಕಾಲದಲ್ಲಿ ಅಸ್ಸಾಮಿನ ಡಿಪೋದಲ್ಲಿ ಅಮೆರಿಕದ ಸಿಪಾಯಿಗಳ ಜೊತೆ ದುಡಿದವನು, ನಲವತ್ತಾರನೆಯ ಇಸವಿಯಲ್ಲಿ ಊರಿಗೆ ಬರುವಾಗ ಒಂದು ದಾಂಡು, ಮೂರು ಚೆಂಡು, ಎರಡು ತೊಗಲಿನ ಕೈಗವಸು, ಅದರ ಜೊತೆಗೆ ಬೇಸ್‌ಬಾಲ್ ಎಂಬ ಹುಚ್ಚನ್ನೂ ಹೊತ್ತು ತಂದಿದ್ದ. ಚೆಂಡು ಹಿಡಿಯುವವನ ಮುಖಕ್ಕೆ ಕಟ್ಟುವ ಜಾಲರಿಯನ್ನು ಮಾತ್ರ ತಂದಿರಲಿಲ್ಲ. ಪುಣ್ಯಾತ್ಮ, ಮೊದಲು ತರಬೇಕಾದದ್ದೇ ಅದು.

ಈರಯ್ಯ ಕಟ್ಟಿದ ಬಬಲೇಶ್ವರದ ತಂಡದಲ್ಲಿ ಗುರಣ್ಣ ಚೆಂಡು ಎಸೆಯುವವನು. ಅವನ ಜೀವದ ಗೆಳೆಯ ಯಲಗೂರಪ್ಪ, ದಾಂಡಿನವನ ಹಿಂದೆ ಕುಕ್ಕರಗಾಲಲ್ಲಿ ಕೂತು ಹಿಡಿಯುವವನು. ಎರಡು ತಿಂಗಳ ಹಿಂದೆ ಬೀಳು ಹೊಲದಲ್ಲಿ ಆಡುತ್ತಿದ್ದಾಗ ಎಲ್ಲೋ ಒಂದು ಕುರಿಮರಿ ಕೂಗಿತು. ಕುರಿಗಾರನ ಕಿವಿ, ಕೇಳಿ ಸುಮ್ಮನಿರುತ್ತದೆಯೇ? ಯಲಗೂರಪ್ಪ ಕತ್ತು ಹೊರಳಿಸಿದ. ಗುರಣ್ಣನ ಕೈಬಿಟ್ಟಿದ್ದ ಚೆಂಡು ಎಡಗಣ್ಣಿಗೇ ಬಡಿಯಿತು. ಕಣ್ಣು ಹೋಯಿತು.

ಕಣ್ಣಿನ ಹಿಂದೆಯೇ ಮದುವೆಯೂ ಹೋಗುವುದರಲ್ಲಿತ್ತು. "ಒಕ್ಕಣ್ಣಿನವ ಕುರಿ ಹೆಂಗ ಕಾಯ್ತಾನ?" ಎಂದು, ಯಲಗೂರಪ್ಪನಿಗೆ ಗೊತ್ತಾಗಿದ್ದ ಹೆಣ್ಣು ಹೊಳೆವ್ವನ ಅಪ್ಪ ಮದುವೆಯ ಮಾತನ್ನು ಮುಂದೂಡಿದ್ದ. ಅದಕ್ಕೇ ಯಲಗೂರಪ್ಪನ ಹಟ. ವಿಜಾಪುರದಲ್ಲಿ ತಿಕೋಟಾದವರ ಮೇಲೆ ಪಂದ್ಯ ನಡೆದರೆ ಹಿಡಿಯುವವನು ತಾನೇ, ಹೊಳೆವ್ವನ ಅಪ್ಪ ಬಂದು ನೋಡಲಿ. ಗುರಣ್ಣ ಕೈಮುಗಿದು ಒಲ್ಲೆನೆಂದ.

"ನೀ ಒಗೀಲಿಲ್ಲಂದ್ರ, ನಾ ಕುರುಡ ಅಂತ ನೀನ ಡಂಗುರ ಸಾರಿದಂಗ," ಎಂದ ಯಲಗೂರಪ್ಪ. ಗುರಣ್ಣ ಒಪ್ಪಿಕೊಂಡ.

ಹೊರಡುವ ಹೊತ್ತಿಗೆ ಯಲಗೂರಪ್ಪನ ತಾಯಿ ರಾಚವ್ವ ರೊಟ್ಟಿಯ ಗಂಟನ್ನು ಗುರಣ್ಣನ ಕೈಗಿಟ್ಟಳು. ಈ ಎರಡು ತಿಂಗಳಲ್ಲಿ ಅವನನ್ನು ಒಂದು ಮಾತೂ ಬೈದವಳಲ್ಲ. "ಗುರಣ್ಣಾ, ಇನ್ನೊಂದ ಉಳದೈತಪ್ಪಾ," ಎಂದಳು ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಕೋಟೆ ಗೋಡೆಯ ಪಕ್ಕದ ಬಯಲಿನಲ್ಲಿ ಸಾವಿರ ಜನ ಸೇರಿದ್ದರು. ಈರಯ್ಯ ಗುರಣ್ಣನ ಭುಜ ಹಿಡಿದು ಹೇಳಿದ: "ಅಂಜಿಕಿ ಹೊಟ್ಟ್ಯಾಗ ಇರಲಿ, ಹೆಗಲಿಗಿ ಬರಬಾರದು. ಎದಿ ಎತ್ತಿ ನಿಂದರು. ದಾಂಡಿನಂವನ ಮಾರಿ ನೋಡು." ಗುರಣ್ಣ ಹಾಗೇ ನಿಂತ. ನೋಡಿದವರು ಯಾರೋ ಫೌಜದಾರ ಬಂದಿದ್ದಾನೆ ಅನ್ನಬೇಕು, ಹಾಗೆ ನಿಂತ.

ಆಟ ಕೊನೆಗೆ ಬಂತು. ತಿಕೋಟಾದ ಅಂಬಾದಾಸನೊಬ್ಬ ಔಟಾದರೆ ಬಬಲೇಶ್ವರದ ಗೆಲುವು. ಅಂಬಾದಾಸ ಕಿರಾಣಿ ಅಂಗಡಿಯವನು, ಗಿರಾಕಿಯ ನಿಲುವು ನೋಡಿಯೇ ಮನಸ್ಸಿನ ಮಾತು ಹೇಳುವ ಆಸಾಮಿ. ಗುರಣ್ಣನ ಎರಡು ಚೆಂಡನ್ನು ದೂರಕ್ಕೆ ಬಾರಿಸಿದ. ನಸೀಬು, ಎರಡೂ ಗೆರೆಯಾಚೆ ಬಿದ್ದು ತಪ್ಪಿದ ಹೊಡೆತದ ಲೆಕ್ಕಕ್ಕೆ ಸೇರಿದವು. ಮೂರನೆಯದು ತಪ್ಪಿ, ಹಿಂದಿನವನು ಅದನ್ನು ಹಿಡಿದರೆ ಔಟು.

ಅಂಬಾದಾಸ ನಕ್ಕ. "ಎದಿ ಎತ್ತಿ ನಿಂತಾನ, ಖರೆ. ಕಣ್ಣ ಮಾತ್ರ ನನ್ನ ಮ್ಯಾಲಿಲ್ಲ, ಗೆಳ್ಯಾನ ಕಣ್ಣಿನ ಮ್ಯಾಲೈತಿ. ಎಲ್ಲಾ ಚೆಂಡು ಅವನ ಬಲಕ್ಕ ಬರಾಕತ್ತಾವು ನೋಡ್ರಿ." ಹೀಗೆಂದು ಆ ಬದಿಯ ಚೆಂಡಿಗೇ ದಾಂಡು ಚಾಚಿ ಸಿದ್ಧನಾದ.

ನಿಜವೇ. ಗುರಣ್ಣ ತನಗರಿವಿಲ್ಲದೆ ಎಲ್ಲ ಚೆಂಡನ್ನೂ ಗೆಳೆಯನ ಕಾಣುವ ಕಣ್ಣಿನ ಕಡೆಗೇ ಎಸೆದಿದ್ದ.

ಆಗ ಯಲಗೂರಪ್ಪ ಎದ್ದು ನಿಂತು, ಬಲ ಹೆಗಲ ಮೇಲಿದ್ದ ವಲ್ಲಿ ಬಟ್ಟೆಯನ್ನು ಎಡ ಹೆಗಲಿಗೆ ಹಾಕಿಕೊಂಡ. ಬೆವರು ಒರೆಸಿಕೊಂಡನೆಂದು ಜನ ತಿಳಿದರು. ಜೈನಾಪುರದ ಕುರಿಗಾರರಿಗೆ ಅದು ಬೇರೆ ಮಾತು. ಹಿಂಡಿನ ಮುಂದಿನವನು ಕಂಬಳಿಯನ್ನು ಯಾವ ಹೆಗಲಿಗೆ ಹಾಕುತ್ತಾನೋ, ಕೂಗು ಕೇಳಿಸದಷ್ಟು ಹಿಂದಿರುವವನು ಹಿಂಡನ್ನು ಆ ಕಡೆಗೆ ತಿರುಗಿಸಬೇಕು. ಎದುರು ಮಾತಾಡುವ ರೂಢಿಯಿಲ್ಲ.

ಎಡಕ್ಕೆ. ಕಾಣದ ಕಡೆಗೆ.

ಗುರಣ್ಣ ಒಲ್ಲೆನೆಂದು ತಲೆ ಅಲ್ಲಾಡಿಸಿದ. ಯಲಗೂರಪ್ಪ ಮತ್ತೆ ಕೂತು ಕೈಗವಸನ್ನು ಎಡಕ್ಕೆ ಹಿಡಿದ. ಬೆನ್ನು ನೆಟ್ಟಗೆ, ಗದ್ದ ಮೇಲೆ. ಅಂಜಿಕೆಯ ಸುಳಿವೂ ಇಲ್ಲ. ಅವನೇ ಅಷ್ಟು ಗಟ್ಟಿಯಾಗಿದ್ದಾನಲ್ಲ ಎಂಬ ಒಂದೇ ಧೈರ್ಯದ ಮೇಲೆ ಗುರಣ್ಣ ಕೈ ಎತ್ತಿದ. ರಾಚವ್ವನ ಮುಖ ಕಣ್ಣಿಗೆ ಕಟ್ಟಿತು. ಚೆಂಡು ಕೈಬಿಟ್ಟದ್ದೇ ತಡ, ಕಣ್ಣು ಮುಚ್ಚಿಕೊಂಡ.

ದಾಂಡು ಗಾಳಿ ಸೀಳಿದ ಸದ್ದು. ಆಮೇಲೆ ಧಪ್ಪೆಂದು ಇನ್ನೊಂದು ಸದ್ದು. ಅದು ತೊಗಲಿನದೋ ಮುಖದ್ದೋ ತಿಳಿಯಲಿಲ್ಲ. ಜನ ಹೋ ಎಂದರು. ಅವತ್ತೂ ಹೊಲದಲ್ಲಿ ಎಲ್ಲರೂ ಹೋ ಎಂದಿದ್ದರು. ಕಣ್ಣು ತೆರೆಯಲು ಗುರಣ್ಣನಿಗೆ ಮನಸ್ಸೇ ಬರಲಿಲ್ಲ.

ಕೊನೆಗೆ ತೆರೆದು, ಓಡಿದ. ಯಲಗೂರಪ್ಪ ಚೆಂಡನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡು ಮಣ್ಣಲ್ಲಿ ಕೂತಿದ್ದ. ಬಲಗಣ್ಣು ನೆಟ್ಟಗಿತ್ತು. ಗುರಣ್ಣ ಅವನ ಮುಂದೆ ಕುಸಿದು ಕೂತು ಅತ್ತೇಬಿಟ್ಟ.

"ನೀ ಕಣ್ಣ ಮುಚ್ಚಿದ್ದಿ ಹೌದಿಲ್ಲೊ?" ಎಂದು ಯಲಗೂರಪ್ಪ ಮೆಲ್ಲಗೆ ಕೇಳಿದ.

"ಹ್ಞೂಂ."

"ನಾನೂ ಮುಚ್ಚಿದ್ನಿ."

ಆಗಲೇ ಗುರಣ್ಣನಿಗೆ ಕಂಡದ್ದು, ಗೆಳೆಯನ ಮೈ ಅಡಿಯಿಂದ ಮುಡಿಯವರೆಗೆ ಗಡಗಡ ನಡುಗುತ್ತಿತ್ತು.

"ಹೊಳೆವ್ವನ ಅಪ್ಪ ಇತ್ತಾಗ ಬರಾಕತ್ತಾನ," ಎಂದ ಯಲಗೂರಪ್ಪ. "ಕಾಲಾಗ ಜೀವಿಲ್ಲೋ ನನಗ. ಲಗೂನ ಎಬ್ಬಿಸಿ ನಿಂದರಿಸು."