ಬಳ್ಳಾರಿ ಬಸ್ಸು ಬಂದರೆ ತಲೆ ಎತ್ತುವ ಹುಡುಗಿ

ಕಾಲುವೆಗೆ ನೀರು ಬಿಟ್ಟರೆಂದರೆ ನಮ್ಮ ದೇಶನೂರಿನ ಮನೆಗಳಿಗೆಲ್ಲ ಚಿಲಕ ಬೀಳುತ್ತದೆ. ಭತ್ತದ ನಾಟಿಗೆ ಮುದುಕಿಯರೂ ಗದ್ದೆಗಿಳಿಯುತ್ತಾರೆ, ಓದುವ ಹುಡುಗಿಯರೂ ಇಳಿಯುತ್ತಾರೆ. ನಾಟಿ ಮುಗಿದ ಮೇಲೆ ಮುದುಕಿಯರು ಮನೆಗೆ ಬರುತ್ತಾರೆ, ಹುಡುಗಿಯರು ಮಾತ್ರ ಕಾಲೇಜಿಗೆ ಹೋಗುವುದಿಲ್ಲ! ಇದು ಯಾವ ಸೀಮೆಯ ನ್ಯಾಯವೋ ನನಗಂತೂ ತಿಳಿಯದು.

ನಾನು ಸುಂಕಮ್ಮ, ಮಹಿಳಾ ಸಂಘದವಳು. ಪಕ್ಕದ ಮನೆಯ ಮಾರೆಮ್ಮನ ಮಗಳು ಪಂಪಾವತಿಯ ಕಥೆ ಹೇಳುತ್ತೇನೆ, ಕೇಳಿ. ಅವರ ವಂಶದಲ್ಲಿ ಡಿಗ್ರಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಬಳ್ಳಾರಿಯಲ್ಲಿ ಬಿ.ಎ., ಹಾಸ್ಟೆಲಿನಲ್ಲಿ ವಾಸ. ಅವ್ವನಿಗೆ ಸೊಂಟ ಹಿಡಿದಿದೆ ಎಂದು ನಾಟಿಗೆ ಬಂದವಳು, ಕೆಲಸ ಮುಗಿಯುತ್ತ ಬಂದರೂ ಹೊರಡುವ ಮಾತೇ ಆಡಲಿಲ್ಲ. ಕೇಳಿದರೆ, "ಓದು ಸಾಕ್ ಬಿಡು ಅತ್ತಿ" ಎನ್ನುತ್ತಿದ್ದಳು.

ಸಾಕಂತೆ! ಬೆಳಿಗ್ಗೆ ರಸ್ತೆಯಲ್ಲಿ ಬಳ್ಳಾರಿ ಬಸ್ಸು ಹಾರ್ನ್ ಹೊಡೆದರೆ ಸಾಕು, ಕೈಯಲ್ಲಿ ಸಸಿ ಹಿಡಿದುಕೊಂಡೇ ಎದ್ದು ನಿಲ್ಲುವಳು. ಅದು ಮರೆಯಾಗುವ ತನಕ ನೋಡಿ, ಮತ್ತೆ ಬಗ್ಗುವಳು.

ಒಂದು ದಿನ ಹಾಗೆ ಬಗ್ಗಿದಾಗ, ಮೇಲೆ ಹಾಕಿಕೊಂಡಿದ್ದ ಅಪ್ಪನ ಅಂಗಿಯೊಳಗಿಂದ ಕಾಲೇಜಿನ ಐಡಿ ಕಾರ್ಡು ಜಾರಿ ಹೊರಗೆ ಬಂತು. ಬದುವಿನ ಮೇಲೆ ಕೂತು ಸಸಿಯ ಕಟ್ಟು ಬಿಚ್ಚಿ ಕೊಡುತ್ತಿದ್ದ ಮಾರೆಮ್ಮ ಕಂಡಳು.

"ಓದು ಬ್ಯಾಡಂತಿ. ಮತ್ತ ಇದನ್ಯಾಕ ಕೊರಳಾಗ ಹಾಕ್ಕೊಂಡಿ?"

ಹುಡುಗಿ ಕಾರ್ಡನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. "ಯವ್ವಾ, ನಂಗ ಹೋಗಬೇಕು ಅನ್ನಿಸ್ತೈತಿ. ಕನಸಿನ್ಯಾಗೂ ಕ್ಲಾಸೇ ಬರ್ತೈತಿ. ಆದ್ರ ಇಷ್ಟು ದಿನ ತಪ್ಪಿಸೀನಿ, ಹೆಸರು ಹೊಡೆದು ಹಾಕಿರ್ತಾರ. ಯಾವ ಮಕ ಹೊತ್ಕೊಂಡು ಹೋಗ್ಲಿ?"

"ಹಂಗಂತ ಯಾರ್ ಹೇಳಿದ್ರು?"

"ಯಾರೂ ಹೇಳಿಲ್ಲ. ನಂಗ ಗೊತ್ತೈತಿ."

ನೋಡಿದಿರಾ! ಯಾರನ್ನೂ ಕೇಳದೆ, ತನ್ನ ಹೆಸರನ್ನು ತಾನೇ ಹೊಡೆದು ಹಾಕಿಕೊಂಡಿದ್ದಳು.

ಅಂದೇ ಸಿರಿಗೇರಿಯ ನಂದಿನಿಗೆ ಫೋನ್ ಮಾಡಿದೆ. ಅದೇ ಕಾಲೇಜಿನಲ್ಲಿ ಕೊನೆಯ ವರ್ಷ ಓದುವ ಹುಡುಗಿ, ಅವಳ ಅವ್ವನೂ ಕೂಲಿಯವಳೇ. ಭಾನುವಾರ ಬಂದು ನಮ್ಮ ಕಟ್ಟೆಯ ಮೇಲೆ ಪಂಪಾವತಿಯ ಪಕ್ಕ ಕೂತು ಹೇಳಿದಳು.

"ಹುಚ್ಚಿ ಅದೀ ನೋಡು. ನಾಟಿ ಟೈಮಿಗೆ ನಮ್ ಕ್ಲಾಸಿನ್ಯಾಗ ಎಷ್ಟೋ ಬೆಂಚು ಖಾಲಿ ಇರ್ತಾವ. ಕೂಲಿ ಮನಿ ಮಕ್ಕಳು ಬಾಳ ಇರೋ ಕಾಲೇಜದು, ಮೇಡಮ್ಮರಿಗೆ ಗೊತ್ತಿಲ್ಲೇನು? ನಾನೂ ಮೊದಲ್ನೇ ವರ್ಷ ಹಿಂಗ ಹೆದರಿದ್ದೆ. ಹೋಗಿ ಹೇಳಿದೆ. ಬೈದ್ರು."

"ಬೈದ್ರಾ?"

"ಹೂಂ. 'ಹೋಗೋಕಿಂತ ಮೊದ್ಲ ಯಾಕ ಹೇಳ್ಲಿಲ್ಲ' ಅಂತ ಬೈದ್ರು! ಆಮ್ಯಾಲ ಸಂಜಿ ಕುಂದ್ರಿಸಿ, ತಪ್ಪಿದ ಪಾಠ ಎಲ್ಲಾ ಹೇಳಿಕೊಟ್ರು. ಆದ್ರ ಹಾಜರಿ ಬಾಳ ಕಮ್ಮಿ ಆದ್ರ ಪರೀಕ್ಷಿಗೆ ಕುಂದ್ರಾಕ ಆಗಂಗಿಲ್ಲ, ಅದು ಖರೇ. ಇನ್ನ ತಡ ಮಾಡಬ್ಯಾಡ."

ನಂದಿನಿ ಅಲ್ಲಿಯೇ ಮೇಡಮ್ಮರಿಗೆ ಫೋನ್ ಹಚ್ಚಿ ಕೊಟ್ಟಳು. ಪಂಪಾವತಿ "ಹೂಂ ಮೇಡಂ, ಹೂಂ ಮೇಡಂ" ಎನ್ನುತ್ತ ಕಣ್ಣೊರೆಸಿಕೊಂಡಳು. ಫೋನ್ ಇಟ್ಟು, "ನಾಳೇನ ಬಾ ಅಂದ್ರು" ಎಂದಳು. ಮರುಕ್ಷಣವೇ ಮುಖ ಸಣ್ಣದಾಯಿತು. "ಯವ್ವಾ, ನಿನ್ನ ಸೊಂಟ? ಉಳಿದ ನಾಟಿ?"

"ನಾವು ಅದೀವಲ್ಲ, ಸತ್ತೀವೇನು?" ಎಂದು ನಾನು ಗದರಿದೆ. "ನಿಮ್ಮವ್ವನ ಸಾಲು ಸಂಘದೋರು ಹಚ್ತೀವಿ."

ಮಾರೆಮ್ಮ ಮಗಳ ಕೆನ್ನೆ ಸವರಿದಳು. "ನಾಟಿ ಹಚ್ಚೋರು ಹಿಂದಕ್ಕ ಹೆಜ್ಜಿ ಇಡ್ತಾರವ್ವ. ನಾ ಸಣ್ಣಾಕಿ ಇದ್ದಾಗಿಂದ ಹಿಂದಕ್ಕ ನಡದೀನಿ. ನೀ ಮುಂದಕ್ಕ ನಡಿ."

ಸೋಮವಾರ ನಾವು ಗದ್ದೆಯಲ್ಲಿದ್ದೆವು. ಬಸ್ಸು ಹಾರ್ನ್ ಹೊಡೆಯಿತು. ಅಂದು ಕೈಯಲ್ಲಿ ಸಸಿ ಹಿಡಿದು ಎದ್ದು ನಿಂತವಳು ಮಾರೆಮ್ಮ. ಬಸ್ಸು ಮರೆಯಾದ ಮೇಲೂ ನಿಂತೇ ಇದ್ದಳು. ನಾವ್ಯಾರೂ ಅವಳನ್ನು ಕರೆಯಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಕೇಳದಿದ್ದರೆ ಅವ್ವನೂ ಅನ್ನ ಹಾಕುವುದಿಲ್ಲ ಎನ್ನುತ್ತಾರೆ. ನಿಮ್ಮ ಮಗಳೋ ಮಗನೋ ಕೆಲಸಕ್ಕೆಂದು ಬಂದು ಕಾಲೇಜು ತಪ್ಪಿಸಿದ್ದರೆ, ಎಲ್ಲ ಮುಗಿಯಿತು ಎಂದು ನೀವೇ ತೀರ್ಮಾನ ಮಾಡಬೇಡಿ. ಕಾಲೇಜಿಗೆ ಇಂದೇ ಹೋಗಿ ಕೇಳಿ, ಇಲ್ಲವೇ ಫೋನ್ ಮಾಡಿ. ಗದ್ದೆಯಲ್ಲಿ ನಿಂತು ಬಸ್ಸು ನೋಡುವ ಮಕ್ಕಳನ್ನು ಆ ಬಸ್ಸು ಹತ್ತಿಸಿ.