ಕಾಂಗ್ರೆಸ್ ಗಿಡ ತಿಂದ ಹುಳು

ಕೆರಗೋಡಿನ ಹೊಂಬಾಳಮ್ಮನಿಗೆ ತನ್ನ ಹಿತ್ತಿಲಿಗೇ ಕಾಲಿಡಬಾರದೆಂದು ಮಂಡ್ಯದ ಚರ್ಮದ ಡಾಕ್ಟರು ಹೇಳಿಬಿಟ್ಟಿದ್ದರು. ಮನೆ ಹಿಂದೆ ಬಚ್ಚಲ ನೀರು ಹರಿಯುವ ಕಡೆ ಅವಳು ಬದನೆ, ದಂಟು, ಕನಕಾಂಬರ ಬೆಳೆಸಿಕೊಂಡಿದ್ದಳು. ಹಿಂದಿನ ವರ್ಷ ಹೊರಗಿನಿಂದ ತರಿಸಿದ ಗೊಬ್ಬರದ ಜೊತೆ ಕಾಂಗ್ರೆಸ್ ಗಿಡದ ಬೀಜವೂ ಬಂದು ಬಿದ್ದಿತ್ತು. ಮೊದಲು ಕ್ಯಾರೆಟ್ ಸೊಪ್ಪಿನಂಥ ಎಲೆ, ಆಮೇಲೆ ನುಚ್ಚು ಚೆಲ್ಲಿದಂತೆ ಬಿಳಿ ಹೂವು. ಕಿತ್ತಷ್ಟೂ ಹುಟ್ಟಿತು. ಬರಿಗೈಲಿ ಕಿತ್ತೂ ಕಿತ್ತೂ ಅವಳ ಮೊಣಕೈವರೆಗೆ ದದ್ದೆದ್ದು, ಕಣ್ಣು ಊದಿಕೊಂಡವು.

ಗೆಜ್ಜಲಗೆರೆಯ ಗಾರ್ಮೆಂಟ್ಸಿಗೆ ಹೋಗುವ ಸೊಸೆ ನಯನ ಭಾನುವಾರಗಳಂದು ಗ್ಲೌಸು ಹಾಕಿಕೊಂಡು ಕಿತ್ತಳು. ಉಪ್ಪುನೀರನ್ನೂ ಹೊಡೆದು ನೋಡಿದಳು, ಕನಕಾಂಬರವೂ ಸುಟ್ಟುಹೋಯಿತು. ಹೊಂಬಾಳಮ್ಮ ಹಿತ್ತಿಲ ಬಾಗಿಲಲ್ಲಿ ಕೂತು ನೋಡುವುದಷ್ಟೇ ಆಯಿತು. ಗಿಡ ಎದೆಮಟ್ಟಕ್ಕೆ ಬಂದು ಬದನೆ ಸಾಲನ್ನು ಮುಚ್ಚುತ್ತಿತ್ತು.

ಮಳೆ ಹಿಡಿದ ಮೇಲೆ ಒಂದು ಭಾನುವಾರ ನಯನ ಕೀಳುತ್ತಿದ್ದವಳು ನಿಂತಳು.

"ಅತ್ತೆ, ಯಾವ್ದೋ ಉಳ ಬಂದದೆ. ಬದ್ನೆಗೆ ಓಗೋಕೆ ಮುಂಚೆ ಔಸ್ದಿ ಒಡ್ದುಬುಡ್ಲಾ?"

"ತಾಳು ಕಣವ್ವ. ಅದೇನ್ ತಿಂತದೋ ನೋಡವ."

ತೊಗರಿಕಾಳಿನಷ್ಟು ದಪ್ಪದ ಹುಳು. ಕೆನೆಬಣ್ಣದ ಬೆನ್ನ ಮೇಲೆ ಕಂದು ಗೀರುಗಳು. ನಯನ ಒಂದನ್ನು ತೆಗೆದು ಬದನೆ ಎಲೆಯ ಮೇಲೆ ಬಿಟ್ಟಳು. ಅದು ಎಲೆಯ ಅಂಚನ್ನು ಸುತ್ತಿತು, ನಡುವೆ ಬಂದು ನಿಂತಿತು, ಬಾಯಿ ಹಾಕಲಿಲ್ಲ. ಕಾಂಡದ ಮೇಲೆ ನಿಧಾನವಾಗಿ ಇಳಿದು, ಒದ್ದೆ ಮಣ್ಣು ದಾಟಿ, ಪಕ್ಕದ ಕಾಂಗ್ರೆಸ್ ಗಿಡ ಹತ್ತಿತು. ಹತ್ತಿದ ಕೂಡಲೇ ತಿನ್ನತೊಡಗಿತು. ಔಷಧಿಯ ಡಬ್ಬಿ ಕೊಟ್ಟಿಗೆಯಲ್ಲೇ ಉಳಿಯಿತು.

ವಾರ ಕಳೆಯುತ್ತಿದ್ದಂತೆ ಹುಳು ಹೆಚ್ಚಿದವು. ಹಳದಿ ಮರಿಗಳು ಕುಡಿಯನ್ನೇ ಹುಡುಕಿ ತಿಂದವು. ಎಲೆ ಜರಡಿಯಂತಾಗಿ, ಆಮೇಲೆ ಇಲ್ಲವೇ ಆಯಿತು. ಹೂ ಬಿಡಲು ತುದಿಯೇ ಉಳಿಯಲಿಲ್ಲ. ಹೊಂಬಾಳಮ್ಮ ಒಲೆ ಮೇಲೆ ಎಸರಿಟ್ಟದ್ದನ್ನು ಮರೆತು ಬಾಗಿಲಲ್ಲಿ ಕೂರುತ್ತಿದ್ದಳು. ತನ್ನ ಎರಡು ಕೈಗೆ ಆಗದ ಕೆಲಸ ಕಣ್ಣೆದುರಿಗೆ ಸದ್ದಿಲ್ಲದೆ ನಡೆಯುತ್ತಿತ್ತು.

ನಯನ ಫ್ಯಾಕ್ಟರಿಯಲ್ಲಿ ವಿಚಾರಿಸಿಕೊಂಡು ಬಂದಳು. "ಈ ಗಿಡ ತಿನ್ಲಿ ಅಂತ್ಲೇ ಇದ್ನ ಬೇರೆ ದೇಸದಿಂದ ತಂದು ಬುಟ್ಟಿದ್ರಂತೆ ಅತ್ತೆ, ನಾನು ಉಟ್ಟೋಕೂ ಮುಂಚೆ. ಮೆಕ್ಸಿಕೋ ಅಂತ. ಗಿಡಾನೂ ಆ ಕಡೇದೇ."

ಹೊಂಬಾಳಮ್ಮ ಹಿತ್ತಿಲ ಕಡೆ ತಿರುಗಿದಳು.

"ಅಷ್ಟು ದೂರದಿಂದ ಬಂದು, ನಮ್ಮ ಇತ್ಲಲ್ಲಿ ಗುರ್ತು ಇಡೀತಲ್ಲವ್ವ," ಎಂದಳು.

ಬೋಳು ಕಡ್ಡಿಗಳನ್ನು ನಯನ ಬೇರುಸಮೇತ ಕಿತ್ತು ರಾಶಿ ಹಾಕಿದಳು. ಅಲ್ಲಲ್ಲಿ ಹೊಸ ಸಸಿ ಇಣುಕುತ್ತಲೇ ಇದ್ದವು. ಹೂವಾಗುವ ಮುಂಚೆ ಅವನ್ನೂ ಕಿತ್ತಳು. ಮಗ ಸ್ವಾಮಿ ಟಿಲ್ಲರ್ ತಂದು ನಿಲ್ಲಿಸಿ, ಮಣ್ಣನ್ನೆಲ್ಲ ಒಂದು ಸಲ ತಿರುವಿ ಹಾಕಿದರೆ ಹಿತ್ತಿಲು ಚೊಕ್ಕಟವಾಗುತ್ತದೆ ಎಂದ.

"ಬ್ಯಾಡ ಕಣ್ಲಾ," ಎಂದಳು ಹೊಂಬಾಳಮ್ಮ.

"ಯಾಕವ್ವ?"

"ಮರಿಗಳು ಗಿಡದಿಂದ ಇಳ್ದು ಮಣ್ಣೊಳಕ್ಕೆ ಓಗಿದ್ದ ನಾನೇ ನೋಡಿವ್ನಿ. ಕೆಳಗವೆ ಅವು."

ಅಷ್ಟು ದಿನದ ಮೇಲೆ ಮೊದಲ ಸಲ ಅವಳು ಹೊಸ್ತಿಲು ದಾಟಿ ಹಿತ್ತಿಲಿಗೆ ಇಳಿದಳು. ಬದನೆ ಸಾಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕಡ್ಡಿಯ ತುದಿಯಿಂದ ಚೂರು ಮಣ್ಣು ಸರಿಸಿದಳು. ಒಳಗೆ ಒಂದು ಪುಟ್ಟ ಜೀವ ಮುದುರಿ ಮಲಗಿತ್ತು. ಸ್ವಾಮಿ ಟಿಲ್ಲರ್ ಆಫ್ ಮಾಡಿ ಬಂದು, ಅವಳ ಪಕ್ಕ ಬಗ್ಗಿ ನೋಡಿದ. ಅವಳು ಮಣ್ಣನ್ನು ಮತ್ತೆ ಮೆಲ್ಲಗೆ ಮುಚ್ಚಿದಳು.