ಬೆಳ್ಳಿಯ ದನಿ

ಬೆಳ್ಳಿ ಮತ್ತೆ ಬಿರಿಯಿತು. ಮೆಲ್ಚೋರ್ ಎತ್ತಿದ ಸುತ್ತಿಗೆಯನ್ನು ಇಳಿಸದೆ ಹಾಗೇ ನಿಂತ. ಅಡಿಗಲ್ಲಿನ ಮೇಲೆ ಅಂಗೈಯಷ್ಟು ಅಗಲಕ್ಕೆ ಹರಡಬೇಕಿದ್ದ, ಶಾಲಿಗೆ ಚುಚ್ಚುವ ತುಪು ಸೂಜಿಯ ತಲೆ ಅಂಚಿನಿಂದ ನಡುವಿನ ತನಕ ಸೀಳಿತ್ತು. ಬೆಳಿಗ್ಗೆಯಿಂದ ಇದು ಎರಡನೆಯ ಸಲ.

ಬಾಗಿಲಲ್ಲಿ ಕುಳಿತು ಕೋಕಾ ಎಲೆ ಅಗಿಯುತ್ತಿದ್ದ ದೊನಾತಾ ಅಜ್ಜಿ ಬಾಯಿ ನಿಲ್ಲಿಸಿದಳು. ನಾಡಿದ್ದು ಅವಳ ಮೊಮ್ಮಗಳ ಮದುವೆ. ಶಾಲಿಗೆ ಬೆಳ್ಳಿಯ ತುಪು ಚುಚ್ಚಿಕೊಳ್ಳದೆ ಆ ಮನೆಯ ಯಾವ ಮದುಮಗಳೂ ಹೊಸಿಲು ದಾಟಿದ್ದಿಲ್ಲ. ಸತ್ತ ಗಂಡನ ಕುದುರೆಯ ಕಡಿವಾಣದಲ್ಲಿದ್ದ ಬೆಳ್ಳಿಯನ್ನೆಲ್ಲ ಬಿಡಿಸಿ ತಂದಿದ್ದಳು.

"ಏನೋ ಮೆಲ್ಚೋರಾ, ಒಣರೊಟ್ಟಿ ಮುರಿದ ಹಾಗೆ ಮುರೀತಾ ಇದೀಯಲ್ಲ! ನನ್ನ ತುಪು ನೋಡು, ನಿಮ್ಮಪ್ಪ ಬಡಿದದ್ದು. ಐವತ್ತು ವರ್ಷದಿಂದ ಒಂದು ಗೀರು ಬಿದ್ದಿಲ್ಲ."

ಮೆಲ್ಚೋರ್ ಸೀಳಿದ ಬೆಳ್ಳಿಯನ್ನು ಮೂಸೆಗೆ ಹಾಕಿದ. ಆ ಮಾತು ಅವನಿಗೆ ಕೇಳಿಸಿಯೇ ಇಲ್ಲವೆಂದು ತಿದಿ ಒತ್ತುತ್ತಿದ್ದ ಮಗಳು ನಸಾರಿಯಾಳಿಗೆ ಮಾತ್ರ ಗೊತ್ತಿತ್ತು. ಎರಡು ವರ್ಷದಿಂದ ಅವನ ಕಿವಿ ಮಂದವಾಗುತ್ತ ಬಂದಿತ್ತು. ಬಡಿದಷ್ಟೂ ಬೆಳ್ಳಿ ಗಡುಸಾಗುತ್ತದೆ, ಏಟಿನ ದನಿ ಏರುತ್ತದೆ. ಆಗ ಕೆಂಡಕ್ಕಿಟ್ಟು ಮೆದು ಮಾಡದಿದ್ದರೆ ಬಿರಿಯುತ್ತದೆ. ಆ ದನಿ ಕೇಳಿ, ಹೊತ್ತು ಬಂದಾಗ ಅಪ್ಪನ ಕಾಲು ತಟ್ಟಿ ತಿಳಿಸುವುದು ಅವಳ ಕೆಲಸವಾಗಿತ್ತು. ಇವತ್ತು ಅಜ್ಜಿ ಎದುರಿಗೇ ಕುಳಿತಿದ್ದರಿಂದ ಗುಟ್ಟು ಬಯಲಾದೀತೆಂದು ಮೆಲ್ಚೋರ್ ಮಗಳನ್ನು ದೂರ ಕೂರಿಸಿದ್ದ.

ಮತ್ತೆ ಕರಗಿಸಿ ಎರಕ ಹೊಯ್ದು ಬಡಿಯತೊಡಗಿದ. ದನಿ ಏರಿತು. ನಸಾರಿಯಾ ತುಟಿ ಕಚ್ಚಿಕೊಂಡಳು. ಮೂರೇಟು. ನಾಲ್ಕು. ಐದನೆಯದಕ್ಕೆ ಎದ್ದು ಅಪ್ಪನ ಮಣಿಕಟ್ಟು ಹಿಡಿದೇಬಿಟ್ಟಳು.

"ಸಾಕಪ್ಪಾ! ಇನ್ನೊಂದೇಟು ಬಿದ್ರೆ ಹೋಯ್ತು!"

"ಎಲಾ ಇವಳ! ಅಪ್ಪನ ಕೈನೇ ಹಿಡೀತಾಳಲ್ಲ!" ಎಂದಳು ಅಜ್ಜಿ.

ಮೆಲ್ಚೋರ್‌ನ ಮುಖ ಕೆಂಪೇರಿತು. ಬೈಯುತ್ತಾನೆಂದೇ ನಸಾರಿಯಾ ತಿಳಿದಳು. ಅವನು ಮಗಳ ಕೈ ನೋಡಿ ಸುತ್ತಿಗೆ ಇಳಿಸಿದ. ಆಮೇಲೆ ಅಗತ್ಯಕ್ಕಿಂತ ಜೋರಾಗಿ ಹೇಳಿದ: "ನಂಗೆ ಕೇಳಿಸಲ್ಲ ದೊನಾತಕ್ಕಾ. ಎರಡು ವರ್ಷದಿಂದ ಈ ಮನೇಲಿ ಬೆಳ್ಳಿ ಮಾತು ಕೇಳ್ತಿರೋಳು ಇವಳು. ಮುಚ್ಚಿಟ್ಟೋನು ನಾನು."

ಸುತ್ತಿಗೆಯ ಹಿಡಿಯನ್ನು ಮಗಳ ಕಡೆ ತಿರುಗಿಸಿದ. "ತಗೋ, ನೀನೇ ಬಡಿ."

"ಹೆಂಗಸು ಬಡಿದ ತುಪುವಾ? ನಮ್ಮ ಹುಡುಗಿ ಎದೆ ಮೇಲಾ?"

"ಹಾಕ್ಕೊಳ್ಳೋರು ಹೆಂಗಸರೇ ತಾನೇ ಅಜ್ಜಿ?" ಎಂದಳು ನಸಾರಿಯಾ.

ಅಜ್ಜಿ ಎಲೆಯನ್ನು ಹೊರಗೆ ಉಗಿದಳು. "ಬಾಯೇನೋ ಜೋರಾಗಿದೆ. ಕೈ ನೋಡೋಣ."

ಮರುದಿನ ಮಧ್ಯಾಹ್ನ ತುಪು ಸಿದ್ಧವಾಯಿತು. ಅಜ್ಜಿ ತನ್ನ ಶಾಲನ್ನು ನಾಲ್ಕು ಮಡಿಕೆ ಮಾಡಿ ಚುಚ್ಚಿದಳು, ತಿರುಚಿದಳು, ಜಗ್ಗಿದಳು. ಒಂದು ಎಳೆಯೂ ಕಿತ್ತು ಬರಲಿಲ್ಲ. ಅಂಗೈಯಲ್ಲಿಟ್ಟು ತೂಗಿ ನೋಡಿ, "ಒಂಚೂರು ಹಗುರ. ಇವನು ಎರಡು ಸಲ ಮುರಿದು ಕರಗಿಸಿದನಲ್ಲ, ಅದಕ್ಕೆ" ಎಂದಳು. ಅವಳ ತುಟಿ ನೋಡಿ ಅರ್ಥಮಾಡಿಕೊಂಡ ಮೆಲ್ಚೋರ್ ಗಟ್ಟಿಯಾಗಿ ನಕ್ಕುಬಿಟ್ಟ.

ಮದುವೆಯಂಗಳದಲ್ಲಿ ಕುಣಿತ ಶುರುವಾದಾಗ ನಸಾರಿಯಾ ಗೋಡೆಗೊರಗಿ ಕುಳಿತಿದ್ದಳು. ಆಚೆ ಕಣಿವೆಯ ಕಡೆಯವಳು, ಗುರುತಿಲ್ಲದವಳು, ಒಂದು ಕೈಯಲ್ಲಿ ಶಾಲಿನ ಎರಡೂ ಅಂಚು ಒತ್ತಿ ಹಿಡಿದುಕೊಂಡು ಅವಳ ಮುಂದೆ ಬಂದು ನಿಂತಳು.

"ಬೆಳ್ಳಿ ಬಡಿಯೋಳು ನೀನೇ ಅಂತಲ್ಲಮ್ಮಾ?"

ಇನ್ನೊಂದು ಕೈಯಲ್ಲಿದ್ದುದನ್ನು ನಸಾರಿಯಾಳ ಅಂಗೈಗೆ ಹಾಕಿದಳು. ಸೊಟ್ಟಗಾದ ಹಳೆಯ ತುಪು. ಆ ಹೆಂಗಸಿನ ಮೈಯ ಬಿಸಿ ಅದರಲ್ಲಿ ಇನ್ನೂ ಆರಿರಲಿಲ್ಲ.